ಸಿಂಗಪುರದಲ್ಲಿ ಕಡಿಮೆ ಖರ್ಚಿನ ಕ್ಯಾಂಪಿಂಗ್: ಪುಲಾವ್ ಉಬಿನ್ ದ್ವೀಪದಲ್ಲಿ ಒಂದು ರಾತ್ರಿ

ಸಿಂಗಪುರದಲ್ಲಿ ಗೆಳೆಯರೆಲ್ಲ ಸೇರಿ ಸಮುದ್ರದ ದಡದಲ್ಲಿ ಟೆಂಟು ಹಾಕೋಣ ಅಂತ ಹೊರಟರೆ ಮೊದಲು ಅಡ್ಡ ಬರುವುದು ಪರ್ಮಿಟ್. ಈಸ್ಟ್ ಕೋಸ್ಟ್, ಪಾಸಿರ್ ರಿಸ್, ಚಾಂಗಿ ಬೀಚ್ ಪಾರ್ಕ್‌ಗಳಲ್ಲಿ ಕ್ಯಾಂಪಿಂಗ್ ಪರ್ಮಿಟ್ ಬೇಕೆಂದರೆ ಅಲ್ಲಿನ ಪೌರತ್ವ ಇರಬೇಕು, ಇಲ್ಲವೇ ಪಿಆರ್ (ಅಲ್ಲಿನ ಖಾಯಂ ನಿವಾಸಿ) ಆಗಿರಬೇಕು. ವರ್ಕ್ ಪಾಸ್ ಮೇಲೆ ಇರುವ ನಮ್ಮಂಥವರಿಗೆ, ಊರಿಂದ ನೋಡಲು ಬಂದ ತಮ್ಮ ತಂಗಿಯರಿಗೆ ಅದು ಸಿಗುವುದಿಲ್ಲ. ಪುಲಾವ್ ಉಬಿನ್ ದ್ವೀಪದಲ್ಲಿ ಈ ತಾಪತ್ರಯವೇ ಇಲ್ಲ. ಪರ್ಮಿಟ್ ಬೇಡ, ಶುಲ್ಕವೂ ಇಲ್ಲ. ದೋಣಿ ಇಳಿದ ಜಾಗದ ಹತ್ತಿರವೇ ಪೊಲೀಸ್ ಪೋಸ್ಟ್ ಇದೆ. ಎಷ್ಟು ಜನ ಬಂದಿದ್ದೀರಿ, ಎಲ್ಲಿ ಟೆಂಟು ಹಾಕುತ್ತೀರಿ, ಯಾವತ್ತು ವಾಪಸ್ ಅಂತ ಅಲ್ಲಿ ತಿಳಿಸಿ ಮುಂದೆ ಹೋಗಿ. ಪಾಸ್ ಅಥವಾ ಪಾಸ್‌ಪೋರ್ಟ್ ಎಲ್ಲರ ಬಳಿಯೂ ಇರಲಿ. ಎದುರಿಗೆ ಕಾಣುವ ದಡ ಮಲೇಷ್ಯಾದ ಜೋಹೋರ್. ಗಡಿ ಪ್ರದೇಶ ಅನ್ನುವುದು ಮರೆಯಬಾರದು.

ಹೋಗುವ ದಾರಿ ಸುಲಭ. ತಾನಾ ಮೆರಾ ಎಂಆರ್‌ಟಿ (ಅಲ್ಲಿನ ಮೆಟ್ರೋ ರೈಲು) ಸ್ಟೇಷನ್ನಿಂದ 2ನೇ ನಂಬರ್ ಬಸ್, ಇಲ್ಲವೇ ಟ್ಯಾಂಪನೀಸ್‌ನಿಂದ 29. ಎರಡೂ ಚಾಂಗಿ ವಿಲೇಜ್‌ಗೆ ಬರುತ್ತವೆ. ಬಸ್ ಸ್ಟಾಂಡಿನಿಂದ ಚಾಂಗಿ ಪಾಯಿಂಟ್ ಫೆರ್ರಿ ಟರ್ಮಿನಲ್‌ಗೆ ನಡೆದೇ ಹೋಗಬಹುದು. ಅಲ್ಲಿ ಮರದ ಬಂಬೋಟ್‌ಗಳು ನಿಂತಿರುತ್ತವೆ. ಮೊದಲೇ ಬುಕ್ ಮಾಡುವುದು, ಇಂಥ ಹೊತ್ತಿಗೇ ಹೊರಡುವುದು ಅಂತ ಏನೂ ಇಲ್ಲ. ನಮ್ಮೂರ ಕಡೆ ಮ್ಯಾಕ್ಸಿಕ್ಯಾಬ್ ತುಂಬುವ ತನಕ ಕಾಯುತ್ತೀವಲ್ಲ, ಹಾಗೆಯೇ. ಹನ್ನೆರಡು ಜನ ಆದರೆ ದೋಣಿ ಹೊರಡುತ್ತದೆ. ತಲೆಗೆ 4 ಸಿಂಗಪುರ ಡಾಲರ್, ಅದೂ ನಗದು. ಅವಸರ ಇದ್ದರೆ ಖಾಲಿ ಸೀಟುಗಳ ದುಡ್ಡನ್ನೂ ನೀವೇ ಕೊಟ್ಟು ಹೊರಡಬಹುದು. ಅಂದರೆ ಒಂದು ದೋಣಿಗೆ 48 ಡಾಲರ್. ಶನಿವಾರ ಬೆಳಿಗ್ಗೆ ಅದರ ಅಗತ್ಯ ಬೀಳುವುದಿಲ್ಲ, ಹತ್ತು ನಿಮಿಷದಲ್ಲಿ ತುಂಬಿಬಿಡುತ್ತದೆ. ನಾವು ಹೋದಾಗ ದೋಣಿಯವರು ಬೆರಳು ಮಡಚುತ್ತಾ ತಲೆ ಎಣಿಸಿದರು. ಹನ್ನೆರಡು ಮುಗಿಯುತ್ತಿದ್ದಂತೆ ಹಗ್ಗ ಬಿಚ್ಚಿ ಎಂಜಿನ್ ಶುರು ಮಾಡಿಯೇಬಿಟ್ಟರು. ಹತ್ತು ಹದಿನೈದು ನಿಮಿಷಕ್ಕೆ ದ್ವೀಪ.

ಒಂದು ವಿಷಯ ಹೊರಡುವ ಮುಂಚೆಯೇ ತಿಳಿದಿರಲಿ. ಸ್ಟೌವ್‌ಗೆ ಹಾಕುವ ಗ್ಯಾಸ್ ಕ್ಯಾನ್ ಹಿಡಿದು ಎಂಆರ್‌ಟಿ ಹತ್ತುವಂತಿಲ್ಲ, ದೊಡ್ಡ ದಂಡ ಬೀಳುತ್ತದೆ. ಬೆಂಕಿ ಹೊತ್ತಿಕೊಳ್ಳುವ ಸಾಮಾನು ಯಾವುದೂ ರೈಲಿನಲ್ಲಿ ನಡೆಯುವುದಿಲ್ಲ. ನನ್ನ ಕೇಳಿದರೆ ಒಂದು ರಾತ್ರಿಗೆ ಸ್ಟೌವೇ ಬೇಡ. ಚಪಾತಿ, ಪುಳಿಯೋಗರೆ, ಚಟ್ನಿಪುಡಿ, ಬಾಳೆಹಣ್ಣು, ಖಾರ ಕಡಲೆಬೀಜ ಇದ್ದರೆ ಮರುದಿನ ಬೆಳಗಿನ ತನಕ ಧಾರಾಳವಾಗಿ ಸಾಕು. ಪುಳಿಯೋಗರೆ ಅಷ್ಟು ಬೇಗ ಹಳಸುವುದಿಲ್ಲ. ಮೊಸರನ್ನ ಮಾತ್ರ ಆ ಸೆಕೆಗೆ ಬೇಡವೇ ಬೇಡ. ದೋಣಿ ಇಳಿಯುವ ಕಡೆ ನಾಲ್ಕಾರು ಅಂಗಡಿ ಹೋಟೆಲುಗಳಿವೆ. ಎಳನೀರು, ತಂಪು ಪಾನೀಯ ಸಿಗುತ್ತದೆ. ಊಟ ಹೆಚ್ಚಾಗಿ ಮೀನು ಸಿಗಡಿಯದ್ದೇ. ಸಸ್ಯಾಹಾರಿಗಳು ಅದನ್ನು ನಂಬಿಕೊಂಡು ಹೋಗಬಾರದು.

ಟೆಂಟು ಹಾಕುವುದು ಎಲ್ಲಿ? ಜೆಲುತೋಂಗ್ ಮತ್ತು ಮಾಮಮ್ ಅಂತ ಎರಡು ಜಾಗ ಹೆಚ್ಚು ಬಳಕೆಯಲ್ಲಿವೆ. ಜೆಲುತೋಂಗ್ ಹತ್ತಿರ, ಸ್ವಲ್ಪ ನಡೆದರೆ ಸಿಕ್ಕಿಬಿಡುತ್ತದೆ. ಚಿಕ್ಕ ಮಕ್ಕಳು ಜೊತೆಗಿದ್ದರೆ ಅದೇ ವಾಸಿ. ಗೆಳೆಯರ ಗುಂಪಾದರೆ ಮಾಮಮ್‌ಗೇ ಹೋಗಿ. ಅದು ದ್ವೀಪದ ಇನ್ನೊಂದು ಬದಿ, ಹೊರೆ ಹೊತ್ತು ನಡೆದರೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ದಾರಿಯಲ್ಲಿ ರಬ್ಬರ್ ಮರ, ತೆಂಗು, ಕಾಡುಬಳ್ಳಿ. ದೊಡ್ಡ ಗುಂಪಿದ್ದರೆ ದಡದ ಹತ್ತಿರ ಸಿಗುವ ವ್ಯಾನ್‌ನಲ್ಲಿ ಸಾಮಾನು ಹಾಕಿಕೊಂಡು ಹೋಗಬಹುದು, ದುಡ್ಡು ಹಂಚಿಕೊಂಡರೆ ಭಾರ ಆಗುವುದಿಲ್ಲ. ಮೊದಲ ದಿನವೇ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಬೇಡಿ. ಸಂಜೆಗೆ ವಾಪಸ್ ಕೊಡಬೇಕಾಗುತ್ತದೆ, ಸುಮ್ನೆ ಎರಡು ಸಲ ಓಡಾಟ. ಮರುದಿನ ಬೆಳಿಗ್ಗೆ ತೆಗೆದುಕೊಂಡರೆ ಆರಾಮಾಗಿ ಸುತ್ತಬಹುದು.

ನೀರಿನ ವಿಷಯದಲ್ಲಿ ಯಾವ ರಾಜಿಯೂ ಬೇಡ. ದ್ವೀಪದಲ್ಲಿ ಕುಡಿಯುವ ನಲ್ಲಿ ನೀರಿಲ್ಲ. ಒಬ್ಬರಿಗೆ ಮೂರು ನಾಲ್ಕು ಲೀಟರ್ ಲೆಕ್ಕ ಇಟ್ಟುಕೊಳ್ಳಿ, ಎಲ್ಲರೂ ಅವರವರ ಪಾಲು ಅವರೇ ಹೊರಲಿ. ಸ್ನಾನದ ಆಸೆ ಬಿಟ್ಟುಬಿಡಿ, ಒದ್ದೆ ಟಿಶ್ಯೂ ಇಟ್ಟುಕೊಳ್ಳಿ. ಚಾರ್ಜಿಂಗ್‌ಗೂ ಪವರ್ ಬ್ಯಾಂಕೇ ಗತಿ. ಫೋನಿನಲ್ಲಿ ಡೇಟಾ ರೋಮಿಂಗ್ ಮೊದಲೇ ಆಫ್ ಮಾಡಿ. ಮಾಮಮ್ ಕಡೆ ಮಲೇಷ್ಯಾದ ಸಿಗ್ನಲ್ ಜೋರಾಗಿರುತ್ತದೆ, ಫೋನು ತಾನಾಗಿಯೇ ಅದಕ್ಕೆ ಹಾರುತ್ತದೆ. ನೆಟ್‌ವರ್ಕನ್ನು ಕೈಯಲ್ಲೇ ಆರಿಸಿಕೊಳ್ಳುವುದು ಒಳ್ಳೆಯದು.

ಹೆಸರಿಗೆ ಬೀಚ್ ಅಂದ ಮಾತ್ರಕ್ಕೆ ಗೋಕರ್ಣದ ಹಾಗೆ ನೀರಿಗೆ ಹಾರುವ ಜಾಗ ಇದಲ್ಲ. ಕಾವಲಿಗೆ ಲೈಫ್‌ಗಾರ್ಡ್ ಇಲ್ಲ, ಜಲಸಂಧಿಯಲ್ಲಿ ಸೆಳೆತ ಇದೆ, ದೋಣಿಗಳು ಓಡಾಡುತ್ತವೆ. ದಡದಲ್ಲಿ ಕೂತು ಹರಟೆ ಹೊಡೆಯುವುದಕ್ಕೆ ಇದರಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಸಂಜೆ ಆಗುತ್ತಿದ್ದಂತೆ ಹಗಲಿಗೆ ಬಂದವರೆಲ್ಲ ವಾಪಸ್ ಹೋಗುತ್ತಾರೆ. ಆಮೇಲೆ ದ್ವೀಪ ನಿಮ್ಮದೇ. ಇಲ್ಲಿ ಖಾಯಂ ವಾಸ ಇರುವ ಮನೆಗಳು ಬಹಳ ಕಡಿಮೆ. ಆ ಕತ್ತಲೆ, ಜೀರುಂಡೆ ಸದ್ದು ಸಿಂಗಪುರದಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಬೆಳಿಗ್ಗೆ ಬಂದು ಸಂಜೆ ಹೋಗಿಬಿಡುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಆದರೆ ರಾತ್ರಿ ಅತಿಥಿಗಳು ಬರುತ್ತಾರೆ, ಕಾಡುಹಂದಿಗಳು. ನಾವು ಊಟ ಮುಗಿಸಿ ಡಬ್ಬಿ ಮುಚ್ಚುವ ಹೊತ್ತಿಗೆ ಪೊದೆ ಅಲುಗಾಡಿತು. ದೊಡ್ಡದೊಂದು ಹೆಣ್ಣು ಹಂದಿ, ಹಿಂದೆ ಮೈಮೇಲೆ ಪಟ್ಟೆ ಇರುವ ಮರಿಗಳು. ಮೂತಿಯಿಂದ ಮಣ್ಣು ಕೆದಕುತ್ತಾ ನಮ್ಮ ಚಾಪೆಯ ಹತ್ತಿರಕ್ಕೇ ಬಂತು. ಒಬ್ಬ ಫೋಟೋ ತೆಗೆಯಲು ಎದ್ದ. “ಏ, ಫ್ಲ್ಯಾಶ್ ಬೇಡ ಕಣೋ, ಸುಮ್ನೆ ನಿಂತ್ಕೋ” ಅಂತ ಇನ್ನೊಬ್ಬ ಮೆಲ್ಲಗೆ ಗದರಿದ. ಎಲ್ಲರೂ ಹಿಂದೆ ಸರಿದು ನಿಂತೆವು. ಅದು ಮರಿಗಳ ಜೊತೆ ತನ್ನ ಪಾಡಿಗೆ ತಾನು ಹೋಯಿತು. ಮರಿ ಜೊತೆಗಿರುವ ಹಂದಿಯನ್ನು ಯಾವತ್ತೂ ಕೆಣಕಬಾರದು, ತಿಂಡಿ ಎಸೆಯಬಾರದು. ಊಟದ ಸಾಮಾನನ್ನು ಗಟ್ಟಿ ಮುಚ್ಚಳದ ಡಬ್ಬಿಗಳಲ್ಲೇ ಇಡಿ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿದು ಓಡಾಡಬೇಡಿ. ಕವರ್ ಅಂದರೆ ತಿಂಡಿ ಅಂತ ಹಗಲಲ್ಲಿ ಕೋತಿಗಳಿಗೂ ಚೆನ್ನಾಗಿ ಗೊತ್ತು. ಸೊಳ್ಳೆ ಜಾಸ್ತಿ. ಅದಕ್ಕಿಂತ ಕಾಟ ಮರಳಿನ ನುಸಿಯದ್ದು. ಕಚ್ಚಿದ್ದು ಆಮೇಲೆ ಗೊತ್ತಾಗುತ್ತದೆ, ತುರಿಕೆ ದಿನಗಟ್ಟಲೆ ಇರುತ್ತದೆ. ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು, ಸೊಳ್ಳೆ ಮುಲಾಮು ಕಡ್ಡಾಯ.

ಮಳೆ ಯಾವ ತಿಂಗಳಲ್ಲೂ ಬರಬಹುದು. ನವೆಂಬರ್‌ನಿಂದ ಜನವರಿ ತನಕ ಜೋರು, ಆಗ ಹೋಗದಿದ್ದರೆ ಒಳ್ಳೆಯದು. ಏಪ್ರಿಲ್‌ನಿಂದ ನವೆಂಬರ್ ಒಳಗೆ ಸುಮಾತ್ರಾ ಸ್ಕ್ವಾಲ್ ಅನ್ನುವ ಗಾಳಿಮಳೆ ಬೆಳಗಿನ ಜಾವಕ್ಕೆ ಸಮುದ್ರ ದಾಟಿ ಬಂದುಬಿಡುತ್ತದೆ. ರಾತ್ರಿ ಆಕಾಶ ತಿಳಿಯಾಗಿದೆ ಅಂತ ಟೆಂಟಿನ ಮೇಲಿನ ಹೊದಿಕೆ ಬಿಚ್ಚಿ ಮಲಗಬೇಡಿ. ಗೂಟಗಳನ್ನೆಲ್ಲ ಹೊಡೆದು ಹಗ್ಗ ಬಿಗಿದೇ ಮಲಗಿ. ಒಣಗಿದ ಕೊಂಬೆ ಇರುವ ಮರದ ಕೆಳಗೆ ಮಾತ್ರ ಬೇಡ.

ಬೆಳಿಗ್ಗೆ ಹಾರ್ನ್‌ಬಿಲ್ ಕೂಗಿಗೆ ಎಚ್ಚರ ಆಗುತ್ತದೆ. ಟೆಂಟು ಬಿಚ್ಚಿ ಚೆಕ್ ಜಾವಾ ಕಡೆ ಹೊರಡಿ. ದ್ವೀಪದ ಪೂರ್ವ ತುದಿಯ ಈ ಜೌಗು ಜಾಗಕ್ಕೆ ಪ್ರವೇಶ ಉಚಿತ, ಬೆಳಿಗ್ಗೆ 8.30ಕ್ಕೆ ತೆರೆಯುತ್ತದೆ. ಸಮುದ್ರದ ಮೇಲೆ, ಕಾಂಡ್ಲಾ ಕಾಡಿನ ಒಳಗೆ ಒಂದು ಕಿಲೋಮೀಟರ್‌ಗೂ ಜಾಸ್ತಿ ಉದ್ದದ ನಡೆದಾರಿ ಇದೆ. ನಿಜವಾದ ಮಜಾ ಇಳಿತದ ಹೊತ್ತಿನಲ್ಲಿ. ಹೋಗುವ ದಿನ ಗೊತ್ತು ಮಾಡುವಾಗಲೇ ಉಬ್ಬರ ಇಳಿತದ ಪಟ್ಟಿ ನೋಡಿ, ನೀರು 0.5 ಮೀಟರ್‌ಗಿಂತ ಕೆಳಗೆ ಇಳಿಯುವ ದಿನ ಆರಿಸಿಕೊಳ್ಳಿ. ಕೆಸರಿನ ಮೇಲೆ ಒಂದು ಕೊಂಡಿ ಮಾತ್ರ ದೊಡ್ಡದಿರುವ ಪುಟ್ಟ ಏಡಿಗಳು, ರೆಕ್ಕೆ ಊರಿಕೊಂಡು ನೆಗೆಯುವ ಮೀನುಗಳು ಕಾಣುತ್ತವೆ. 2001ರಲ್ಲಿ ಇದನ್ನು ಮಣ್ಣು ತುಂಬಿ ಮುಚ್ಚುವ ಯೋಜನೆ ಇತ್ತು. ನಿಸರ್ಗ ಪ್ರೇಮಿಗಳು, ಸಾಮಾನ್ಯ ಜನ ಬಂದು ನೋಡಿ, ಇದು ಉಳಿಯಬೇಕು ಅಂತ ದನಿ ಎತ್ತಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಸರ್ಕಾರ ಕೆಲಸ ಮುಂದೂಡಿತು. ಆ ಜನಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆಯೇ.

ಇಲ್ಲಿಂದ ಸೆಕುಡು ಅನ್ನುವ ಸಣ್ಣ ದ್ವೀಪ ಕಾಣುತ್ತದೆ. ಕಪ್ಪೆ, ಹಂದಿ, ಆನೆ ಮೂರೂ ಜೋಹೋರ್ ದಡ ಮುಟ್ಟುವ ಪಂದ್ಯ ಕಟ್ಟಿದವಂತೆ, ಮುಟ್ಟದವರು ಕಲ್ಲಾಗಬೇಕು ಅಂತ ಷರತ್ತು. ಯಾರೂ ಮುಟ್ಟಲಿಲ್ಲ. ಕಪ್ಪೆ ಸೆಕುಡು ಆಯಿತು, ಹಂದಿ ಮತ್ತು ಆನೆ ಸೇರಿ ಉಬಿನ್ ಆಯಿತು ಅನ್ನುವುದು ಇಲ್ಲಿನ ಕಥೆ. ಉಬಿನ್ ನಿಜಕ್ಕೂ ಗ್ರಾನೈಟ್ ಕಲ್ಲಿನ ದ್ವೀಪವೇ. ಹಳೆಯ ಕಲ್ಲುಕ್ವಾರಿಗಳಲ್ಲಿ ಈಗ ನೀರು ನಿಂತಿದೆ. ಸಮಯ ಇದ್ದರೆ ಪುವಾಕಾ ಗುಡ್ಡ ಹತ್ತಿ ಮೇಲಿಂದ ಉಬಿನ್ ಕ್ವಾರಿ ನೋಡಿ.

ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. ದೋಣಿಗೆ ಹೋಗಿ ಬರಲು 8 ಡಾಲರ್. ಬಸ್ಸು, ರೈಲು, ಸೈಕಲ್ ಬಾಡಿಗೆ, ಎಳನೀರು, ಮನೆಯಿಂದ ಕಟ್ಟಿಕೊಂಡು ಹೋದ ಊಟ ಎಲ್ಲ ಸೇರಿದರೂ ತಲೆಗೆ 40 ಡಾಲರ್ ಒಳಗೇ ಮುಗಿಯಬೇಕು. ಟೆಂಟು ಇಲ್ಲದವರು ಮೊದಲ ಸಲ ಕೊಳ್ಳಬೇಡಿ. ಗೆಳೆಯರ ಹತ್ತಿರ ಕೇಳಿ, ಇಲ್ಲವೇ ಬಾಡಿಗೆಗೆ ತನ್ನಿ. ಹೊರಡುವ ಹಿಂದಿನ ದಿನ ಎನ್‌ಪಾರ್ಕ್ಸ್ (ಪಾರ್ಕ್‌ಗಳನ್ನು ನೋಡಿಕೊಳ್ಳುವ ಸರ್ಕಾರಿ ಮಂಡಳಿ) ವೆಬ್‌ಸೈಟಿನಲ್ಲಿ ಯಾವ ದಾರಿ, ಯಾವ ಕ್ಯಾಂಪ್ ಜಾಗ ಮುಚ್ಚಿದೆ ಅಂತ ಒಮ್ಮೆ ನೋಡಿಕೊಳ್ಳಿ. ಕಸ ಎಲ್ಲ ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ. ಭಾನುವಾರ ಸಂಜೆ ದೋಣಿಗೆ ಉದ್ದ ಸಾಲು ಇರುತ್ತದೆ, ಮಧ್ಯಾಹ್ನದ ಒಳಗೇ ಹೊರಟರೆ ಚಾಂಗಿ ವಿಲೇಜ್‌ನಲ್ಲಿ ಬಿಸಿ ಬಿಸಿ ಊಟಕ್ಕೂ ಟೈಮ್ ಸಿಗುತ್ತದೆ.