ಎಲ್ಸಾ ಇಲ್ಲವೆಂದ ಪವಾಡ

ಈ ವಾರ ಫಿಲಿಪ್ಪೀನ್ಸಿನ ‘ಹಿಮಾಲ’ (ಅಂದರೆ ಪವಾಡ) ಚಿತ್ರ ಮತ್ತೆ ನೋಡಿದೆ. ಆ ಗುಡ್ಡ ಇನ್ನೂ ಕಣ್ಣಿಂದ ಹೋಗಿಲ್ಲ. ಮೈಕಿನ ಮುಂದೆ ಎಲ್ಸಾ, ಯೇಸುವಿನ ತಾಯಿ ಮರಿಯಮ್ಮ ಕಂಡಳೆಂದು ಊರು ನಂಬಿದ ಹುಡುಗಿ; ಕೆಳಗೆ ಸಾವಿರಾರು ಜನ. ಪವಾಡ ಇಲ್ಲ, ಶಾಪವನ್ನೂ ದೇವರನ್ನೂ ಮಾಡಿದ್ದು ನಾವೇ ಅನ್ನುತ್ತಾಳೆ. ಗುಂಡು ಹಾರುತ್ತದೆ, ಕಾಲ್ತುಳಿತವಾಗುತ್ತದೆ. ಅವಳು ಸತ್ತ ಮೇಲೆ ಅದೇ ಜನ ಮರಿಯಮ್ಮನ ಜಪ ಹೇಳುತ್ತ ಮೊಣಕಾಲೂರಿ ಗುಡ್ಡ ಹತ್ತುತ್ತಾರೆ. ‘ಇಲ್ಲ’ ಎಂದವಳನ್ನೇ ಪೂಜೆಗಿಟ್ಟರಲ್ಲ!

ಇಶ್ಮಾಯೆಲ್ ಬರ್ನಾಲ್ 1982ರಲ್ಲಿ ಮಾಡಿದ ಚಿತ್ರ, ಬರೆದವರು ರಿಕಿ ಲೀ. 1960ರ ದಶಕದಲ್ಲಿ ಅಲ್ಲಿನ ಕಾಬ್ರಾ ದ್ವೀಪದ ಹುಡುಗಿಯೊಬ್ಬಳಿಗೆ ಮರಿಯಮ್ಮ ಕಂಡಳೆಂಬ ಸುದ್ದಿ ಇದಕ್ಕೆ ಪ್ರೇರಣೆ. ಎಲ್ಸಾ ಆಗಿ ನೋರಾ ಔನೋರ್. ಮಾತಿಗಿಂತ ಕಣ್ಣಲ್ಲೇ ಹೆಚ್ಚು ನಟಿಸಿದ್ದಾರೆ.

ಕುಪಾಂಗ್ ಊರಲ್ಲಿ ಮಳೆಯಿಲ್ಲ. ಹಿಂದೆ ಕುಷ್ಠರೋಗಿಯೊಬ್ಬರನ್ನು ಓಡಿಸಿದ್ದರ ಶಾಪ ಎಂದು ಜನ ನಂಬಿದ್ದಾರೆ. ಗ್ರಹಣದ ಹೊತ್ತಿಗೆ ಎಲ್ಸಾಗೆ ದರ್ಶನವಾಗುತ್ತದೆ, ರೋಗಿಗಳು ಬರತೊಡಗುತ್ತಾರೆ. ಹಿಂದೆಯೇ ವ್ಯಾಪಾರ: ತೀರ್ಥ, ದೇವರ ಸಾಮಾನು, ತಿಂಡಿ ಅಂಗಡಿ, ಬಾಡಿಗೆ ಕೋಣೆಗಳಾದ ಮನೆಗಳು, ನಿಮಿಯಾ ಎಂಬವಳ ಕ್ಯಾಬರೆ. ಭಕ್ತಿ ಊರಿನ ಹೊಟ್ಟೆಪಾಡಾದ ಮೇಲೆ ಅದನ್ನು ಪ್ರಶ್ನಿಸುವವರು ಯಾರು? ಬರ್ನಾಲ್ ಈ ಜನರನ್ನು ಎಲ್ಲೂ ದಡ್ಡರೆಂದು ತೋರಿಸುವುದಿಲ್ಲ. ನನಗೆ ಈ ಚಿತ್ರದ ಮೇಲೆ ಗೌರವ ಹುಟ್ಟಿದ್ದೇ ಅದಕ್ಕೆ.

ನನ್ನ ಸಿಟ್ಟೆಲ್ಲ ಓರ್ಲಿಯ ಮೇಲೆ. ಮನಿಲಾದಿಂದ ಬಂದ ಸಾಕ್ಷ್ಯಚಿತ್ರಕಾರ, ಓದಿದವನು, ದೇವರನ್ನು ನಂಬದವನು. ಎಲ್ಸಾ ಮತ್ತು ಗೆಳತಿ ಚಯೋಂಗ್ ಮೇಲೆ ಅತ್ಯಾಚಾರವಾಗುವುದನ್ನು ಕಂಡು ಚಿತ್ರೀಕರಿಸುತ್ತಾನೆ, ತಡೆಯುವುದಿಲ್ಲ. ಆಮೇಲೆ ಚರ್ಚಿಗೆ ಹೋಗಿ ಪಾದ್ರಿಯ ಹತ್ತಿರ ಹೇಳಿಕೊಳ್ಳುತ್ತಾನೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಹೊರಗೆ ಹೇಳುವಂತಿಲ್ಲ. ಕಾಲರಾ ಬರುತ್ತದೆ, ಚಯೋಂಗ್ ನೇಣು ಹಾಕಿಕೊಳ್ಳುತ್ತಾಳೆ, ಎಲ್ಸಾ ಬಸುರಾಗುತ್ತಾಳೆ. ಅಷ್ಟರಲ್ಲಿ ಮಳೆ! ಊರಿಗೆ ಅದೂ ಪವಾಡ, ಇದೂ ಪವಾಡ. ನಿಜ ಗೊತ್ತಿದ್ದ ಇಬ್ಬರು ಗಂಡಸರು ಬಾಯಿ ಬಿಟ್ಟಿದ್ದರೆ ಆ ಮಾತನ್ನು ಎಲ್ಸಾ ಒಬ್ಬಳೇ ಮೈಕಿನ ಮುಂದೆ ಹೇಳಬೇಕಾಗಿರಲಿಲ್ಲ. ಮತಾಂಧತೆ ಅಂದಕೂಡಲೇ ಗುಂಪಿನ ಕಡೆ ಬೆರಳು ಮಾಡುತ್ತೇವೆ. ಈ ಚಿತ್ರ ಕ್ಯಾಮೆರಾ ಹಿಡಿದವನನ್ನೂ ಹಿಡಿದು ನಿಲ್ಲಿಸುತ್ತದೆ.

ಚಿತ್ರಕ್ಕೆ ಹಣ ಹಾಕಿದ್ದು ಆಗಿನ ಸರ್ವಾಧಿಕಾರಿ ಅಧ್ಯಕ್ಷ ಮಾರ್ಕೋಸ್ ಸರ್ಕಾರದ್ದೇ ಚಲನಚಿತ್ರ ಸಂಸ್ಥೆ. ಚಿತ್ರೀಕರಣ ನಡೆದದ್ದು ಮಾರ್ಕೋಸರ ತವರು ಪ್ರಾಂತ್ಯ ಇಲೋಕೋಸ್ ನೋರ್ತೆಯಲ್ಲಿ. ಅವರು ಹೇರಿದ್ದ ಮಾರ್ಷಲ್ ಲಾ (ಸೇನಾ ಕಾನೂನು) ಹಿಂದಕ್ಕೆ ಪಡೆದು ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಆಳುವವರ ದುಡ್ಡಿನಲ್ಲೇ ಬರ್ನಾಲ್ ಇಷ್ಟನ್ನು ಹೇಳಿಬಿಟ್ಟರು.