ರಸೀದಿ ಪುಸ್ತಕ ಹಿಡಿದು ತಿರುಗಿದ ವರ್ಷಗಳು

ಕಾರ್ಖಾನೆಗೆ ಸೇರಿದ ಮೂರನೆಯ ವರ್ಷದಲ್ಲಿ ನಾನು ನಮ್ಮ ವಿಭಾಗದ ಯೂನಿಯನ್ ಪ್ರತಿನಿಧಿಯಾದೆ. ಆರಿಸಿ ಬಂದೆ ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಏಕೆಂದರೆ ಎದುರಿಗೆ ಯಾರೂ ನಿಂತಿರಲಿಲ್ಲ. ಹಿಂದಿನ ಪ್ರತಿನಿಧಿ ನಿವೃತ್ತರಾದ ದಿನ ಚಂದಾ ರಸೀದಿ ಪುಸ್ತಕವನ್ನು ನನ್ನ ಕೈಗಿತ್ತು, "ಸಂಬಳವಾದ ಮೂರು ದಿನದೊಳಗೆ ಎಲ್ಲರ ಹತ್ತಿರವೂ ಹೋಗಿ ಬನ್ನಿ, ಮಿಕ್ಕಿದ್ದು ತಾನಾಗಿಯೇ ಗೊತ್ತಾಗುತ್ತದೆ" ಎಂದಷ್ಟೇ ಹೇಳಿ ಹೊರಟರು.

ಮೊದಲ ಕೆಲವು ತಿಂಗಳು ನಾನು ಆ ಕೆಲಸವನ್ನು ಸಾಲ ವಸೂಲಿಯಂತೆಯೇ ಮಾಡಿದೆ. ಪಾಳಿ ಬದಲಾಗುವ ಹೊತ್ತಿಗೆ ಬಾಗಿಲಲ್ಲಿ ನಿಂತು, ಹಣ ಪಡೆದು, ರಸೀದಿ ಹರಿದು ಕೊಟ್ಟು, ಮುಂದಿನವರನ್ನು ಕರೆಯುತ್ತಿದ್ದೆ. ಒಬ್ಬರು ಸತತವಾಗಿ ಮೂರು ತಿಂಗಳು ಚಂದಾ ಕೊಡಲಿಲ್ಲ. ಜಿಪುಣರು ಎಂದುಕೊಂಡಿದ್ದೆ. ಕೊನೆಗೊಮ್ಮೆ ಅವರ ಪಕ್ಕದಲ್ಲಿ ಕುಳಿತು ಕೇಳಿದಾಗ, ತಮ್ಮನ್ನು ಕಾರಣವಿಲ್ಲದೆ ರಾತ್ರಿಪಾಳಿಗೆ ಹಾಕಿದ ಬಗ್ಗೆ ಯೂನಿಯನ್ ಕಚೇರಿಗೆ ಅರ್ಜಿ ಕೊಟ್ಟಿದ್ದೆನೆಂದೂ, ಅದಕ್ಕೆ ಉತ್ತರವೇ ಬರಲಿಲ್ಲವೆಂದೂ ಹೇಳಿದರು. ಹುಡುಕಿಸಿದೆ; ಅರ್ಜಿ ನಮ್ಮದೇ ಕಪಾಟಿನ ಕಡತವೊಂದರ ಅಡಿಯಲ್ಲಿತ್ತು. ಆಡಳಿತ ವರ್ಗ ಅದನ್ನು ನೋಡಿಯೇ ಇರಲಿಲ್ಲ, ಏಕೆಂದರೆ ನಾವೇ ಕಳಿಸಿರಲಿಲ್ಲ. ಅಂದಿನಿಂದ ರಸೀದಿ ಪುಸ್ತಕದ ಜೊತೆ ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಂಡೆ. ಹಣ ಕೊಡುವಾಗ ಮನುಷ್ಯ ಏನಾದರೊಂದು ಹೇಳಿಯೇ ಹೇಳುತ್ತಾನೆ: ಕೊಟ್ಟದ್ದಕ್ಕೆ ಪ್ರತಿಯಾಗಿ ಏನು ಬಂತು ಎಂದು ಕೇಳುವ ಹಕ್ಕು ಆ ಕ್ಷಣದಲ್ಲಿ ಅವನಿಗೆ ನೆನಪಾಗುತ್ತದೆ. ಯೂನಿಯನ್ನಿನ ಮಹಾಸಭೆಯಲ್ಲಿ ಒಂದು ಮಾತೂ ಆಡದವರು ಈ ಎರಡು ನಿಮಿಷದಲ್ಲಿ ಆಡುತ್ತಿದ್ದ ಮಾತುಗಳಿಂದಲೇ ನಮ್ಮ ಬೇಡಿಕೆ ಪಟ್ಟಿಯ ಅರ್ಧದಷ್ಟು ಸಿದ್ಧವಾಗುತ್ತಿತ್ತು.

ಮುಂದೆ ಒಂದು ಒಪ್ಪಂದದಲ್ಲಿ ಚಂದಾವನ್ನು ಸಂಬಳದಲ್ಲಿಯೇ ಕಡಿತ ಮಾಡಿ ಯೂನಿಯನ್ ಖಾತೆಗೆ ಜಮಾ ಮಾಡುವ ವ್ಯವಸ್ಥೆಗೆ ಆಡಳಿತ ವರ್ಗ ಒಪ್ಪಿತು. ನಾವೆಲ್ಲ ಅದನ್ನು ದೊಡ್ಡ ಗೆಲುವೆಂದೇ ಭಾವಿಸಿದೆವು, ಮತ್ತು ಒಂದು ಅರ್ಥದಲ್ಲಿ ಅದು ಗೆಲುವೇ ಆಗಿತ್ತು. ಕೆನಡಾದ ವಿಂಡ್ಸರ್‌ನಲ್ಲಿ ಫೋರ್ಡ್ ಕಾರ್ಮಿಕರು 1945ರಲ್ಲಿ ತೊಂಬತ್ತೊಂಬತ್ತು ದಿನ ಮುಷ್ಕರ ಹೂಡಿದ ಮೇಲೆ, 1946ರಲ್ಲಿ ನ್ಯಾಯಮೂರ್ತಿ ಐವನ್ ರ‍್ಯಾಂಡ್ ಕೊಟ್ಟ ತೀರ್ಪು ಇದೇ ಪ್ರಶ್ನೆಯನ್ನು ಬಗೆಹರಿಸಿತ್ತು: ಯಾರನ್ನೂ ಸದಸ್ಯರಾಗುವಂತೆ ಬಲವಂತ ಮಾಡಬಾರದು, ಆದರೆ ಒಪ್ಪಂದದ ಲಾಭ ಎಲ್ಲರಿಗೂ ಸಿಗುವುದರಿಂದ ಚಂದಾ ಎಲ್ಲರ ಸಂಬಳದಿಂದಲೂ ಕಡಿತವಾಗಬೇಕು. ಅಮೆರಿಕದಲ್ಲಿ ವಾದ ಬೇರೆ ದಿಕ್ಕಿಗೆ ಹೋಯಿತು. ಸದಸ್ಯರಲ್ಲದ ಸರ್ಕಾರಿ ನೌಕರರಿಂದ ಯೂನಿಯನ್ ಶುಲ್ಕ ವಸೂಲು ಮಾಡುವಂತಿಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿತು. ಚಂದಾ ಕೊಡದವನಿಗೂ ಅದೇ ಬೋನಸ್ಸು, ಅದೇ ಭಡ್ತಿ ನಿಯಮ ಸಿಗುತ್ತದೆ ಎನ್ನುವುದು ಯಾವ ಯೂನಿಯನ್ ಕಚೇರಿಯಲ್ಲಿ ಕುಳಿತರೂ ಕೇಳಿಸುವ ದೂರು, ಅದು ನ್ಯಾಯವಾದ ದೂರು ಕೂಡ.

ಆದರೆ 1905ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಐ.ಡಬ್ಲ್ಯೂ.ಡಬ್ಲ್ಯೂ. ಎಂಬ ಕಾರ್ಮಿಕ ಸಂಘಟನೆ ಸಂಬಳದಲ್ಲಿ ಚಂದಾ ಕಡಿತವಾಗುವುದನ್ನು ವಿರೋಧಿಸುತ್ತಲೇ ಬಂದಿದೆಯೆಂದು ಓದಿದಾಗ, ಇದೆಂಥ ಹಟ ಎಂದು ನಕ್ಕಿದ್ದೆ. ಆ ನಗೆ ಬಹಳ ಕಾಲ ಉಳಿಯಲಿಲ್ಲ. ಕಡಿತ ಶುರುವಾದ ಮೇಲೆ ಖಾತೆಗೆ ಹಣ ತಪ್ಪದೆ ಬಂತು, ಲೆಕ್ಕ ಪರಿಶೋಧನೆ ಸುಲಭವಾಯಿತು, ರಸೀದಿ ಪುಸ್ತಕ ನನ್ನ ಮೇಜಿನ ಖಾನೆ ಸೇರಿತು, ಮತ್ತು ನಾನು ಪ್ರತಿ ತಿಂಗಳು ಎಲ್ಲರ ಹತ್ತಿರ ಹೋಗುವುದನ್ನು ನಿಲ್ಲಿಸಿದೆ. ಯಾರೂ ನಿಲ್ಲಿಸೆಂದು ಹೇಳಿರಲಿಲ್ಲ. ಹೋಗಲು ಒಂದು ನೆಪವಿಲ್ಲದೆ ಇದ್ದುದರಿಂದ ಅದು ನಿಂತುಹೋಯಿತು, ಅಷ್ಟೆ.

ಪರಿಣಾಮ ಗೊತ್ತಾದದ್ದು ಎರಡು ವರ್ಷದ ನಂತರ. ಗಂಟೆಗೆ ಇಷ್ಟು ಎಂದಿದ್ದ ಉತ್ಪಾದನಾ ಪ್ರಮಾಣವನ್ನು ಆಡಳಿತ ವರ್ಗ ಏಕಪಕ್ಷೀಯವಾಗಿ ಏರಿಸಿತು. ಕಾರ್ಯಕಾರಿ ಸಮಿತಿ ಬಿಸಿಯೇರಿ ಮುಷ್ಕರದ ನೋಟಿಸು ಕೊಡುವ ಮಾತಾಡುತ್ತಿತ್ತು. ಅದಕ್ಕೂ ಮೊದಲು ಒಂದು ದಿನ ಎಲ್ಲರೂ ಕಪ್ಪುಪಟ್ಟಿ ಕಟ್ಟಿಕೊಂಡು ಕೆಲಸ ಮಾಡೋಣವೆಂದು ಹಿರಿಯರೊಬ್ಬರು ಸೂಚಿಸಿದರು. ಆ ದಿನ ನಮ್ಮ ವಿಭಾಗದಲ್ಲಿ ಪಟ್ಟಿ ಕಟ್ಟಿಕೊಂಡವರು ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಚಂದಾ ಕೊಡುತ್ತಿದ್ದವರು ನೂರಕ್ಕೆ ನೂರು. ಮೇಲ್ವಿಚಾರಕರು ಎಣಿಸುತ್ತಾ ಓಡಾಡಿದ್ದನ್ನು ನಾನು ನೋಡಿದೆ. ಮುಷ್ಕರವನ್ನೇ ಹೂಡಿದ್ದರೆ ಆ ಲೆಕ್ಕ ಕೆಲಸ ಕಳೆದುಕೊಂಡವರ ಲೆಕ್ಕವಾಗುತ್ತಿತ್ತು. ಕಪ್ಪುಪಟ್ಟಿಯಲ್ಲಿ ಮುಖಭಂಗವಾಯಿತೇ ಹೊರತು ಯಾರ ಒಲೆಯೂ ಆರಲಿಲ್ಲ. ಸಣ್ಣದೊಂದನ್ನು ಒಟ್ಟಿಗೆ ಮಾಡಿ ನೋಡದೆ ದೊಡ್ಡದಕ್ಕೆ ಇಳಿಯುವ ನಾಯಕರನ್ನು ಕಂಡರೆ ಅಂದಿನಿಂದ ನನಗೆ ಭಯ.

ಆಮೇಲೆ ಮಾಡಿದ್ದು ಬಹಳ ನೀರಸವಾದ ಕೆಲಸ. ಒಂದು ದೊಡ್ಡ ಹಾಳೆಯ ಮೇಲೆ ವಿಭಾಗದ ಪ್ರತಿಯೊಂದು ಯಂತ್ರ, ಪ್ರತಿಯೊಂದು ಪಾಳಿ, ಪ್ರತಿಯೊಬ್ಬರ ಹೆಸರನ್ನೂ ಬರೆದು, ಯಾರು ಯಾರ ಜೊತೆ ಊಟಕ್ಕೆ ಕೂರುತ್ತಾರೆ, ಕಷ್ಟ ಬಂದಾಗ ಯಾರನ್ನು ಕೇಳುತ್ತಾರೆ ಎಂದು ಗುರುತು ಹಾಕುತ್ತಾ ಹೋದೆವು. ಗೇಟ್ ಮೀಟಿಂಗಿನಲ್ಲಿ ಜೋರಾಗಿ ಘೋಷಣೆ ಕೂಗುವ ನಮ್ಮಲ್ಲಿ ಒಬ್ಬರ ಹೆಸರಿಗೂ ಹೆಚ್ಚು ಗೆರೆಗಳು ಬಂದು ಸೇರಲಿಲ್ಲ. ಅತಿ ಹೆಚ್ಚು ಗೆರೆ ಸೇರಿದ್ದು ಪ್ಯಾಕಿಂಗ್‌ನ ಒಬ್ಬ ಅಕ್ಕನ ಹೆಸರಿಗೆ; ಅವರು ಅಂದಿನವರೆಗೆ ಯೂನಿಯನ್ ಕಚೇರಿಯ ಮೆಟ್ಟಿಲು ಹತ್ತಿದವರಲ್ಲ. ಪೋಲೆಂಡಿನ ಗ್ಡಾನ್ಸ್ಕ್ ಹಡಗುಕಟ್ಟೆಯಲ್ಲಿ 1980ರ ಆಗಸ್ಟ್ 14ರಂದು ಶುರುವಾದ ಮುಷ್ಕರದ ಮೊದಲ ಬೇಡಿಕೆಗಳಲ್ಲೊಂದು, ನಿವೃತ್ತಿಗೆ ಐದು ತಿಂಗಳಿರುವಾಗ ಕೆಲಸದಿಂದ ತೆಗೆದುಹಾಕಲ್ಪಟ್ಟ ಕ್ರೇನ್ ಚಾಲಕಿ ಅನ್ನಾ ವಾಲೆಂಟಿನೋವಿಚ್ ಅವರನ್ನು ಮರಳಿ ತೆಗೆದುಕೊಳ್ಳಬೇಕೆಂಬುದಾಗಿತ್ತು. ಆ ಮುಷ್ಕರದಿಂದ ಹುಟ್ಟಿದ ಸಾಲಿಡಾರಿಟಿ ಯೂನಿಯನ್ ಎಂದಾಗ ಜನ ಅದರ ನಾಯಕ ಲೆಖ್ ವಲೇಸಾ ಅವರನ್ನು ನೆನೆಯುತ್ತಾರೆ. ಯಂತ್ರ ನಿಲ್ಲಿಸಿ ಹೊರಬಂದ ಕಾರ್ಮಿಕರ ಮನಸ್ಸಿನಲ್ಲಿ ಅಂದು ಇದ್ದದ್ದು ತಮ್ಮ ನಡುವೆ ವರ್ಷಗಟ್ಟಲೆ ದುಡಿದ ಆ ಹೆಂಗಸು.

ಪ್ಯಾಕಿಂಗ್‌ನ ಅಕ್ಕ ಒಂದೇ ಷರತ್ತು ಹಾಕಿದರು: ಬೇಡಿಕೆ ಪತ್ರವನ್ನು ತಾವು ಹೇಳಿದಂತೆ ಬರೆಯಬೇಕು, ನಮ್ಮ ಭಾಷಣದ ಮಾತುಗಳು ಅದರಲ್ಲಿರಬಾರದು. ಹಾಗೆಯೇ ಬರೆದೆವು. ಎಂಟು ಸಾಲಿನ ಆ ಪತ್ರದಲ್ಲಿ "ಶೋಷಣೆ" ಎಂಬ ಪದವಿರಲಿಲ್ಲ. ಹೊಸ ಪ್ರಮಾಣದ ವೇಗದಲ್ಲಿ ಕೈ ಎಷ್ಟು ಸಲ ಕಟ್ಟರ್‌ನ ಅಂಚಿಗೆ ತಾಗುತ್ತದೆ ಎಂಬುದರ ಒಂದು ವಾರದ ಲೆಕ್ಕವಿತ್ತು. ಮೂವರನ್ನು ಬಿಟ್ಟು ಎಲ್ಲರೂ ಸಹಿ ಹಾಕಿದರು. ಸಹಿ ಹಾಕಿಸಿದ್ದಕ್ಕೆ ಒಬ್ಬ ಹುಡುಗನಿಗೆ ಮೆಮೊ ಬಂತು. ವಿಚಾರಣೆಗೆ ಕರೆದಾಗ ಒಬ್ಬನೇ ಹೋಗಬೇಡ, ಪ್ರತಿನಿಧಿ ಬರಲಿ ಎಂದು ಕೇಳು ಎಂದು ಅವನಿಗೆ ಮೊದಲೇ ಹೇಳಿದ್ದೆವು. ಅಮೆರಿಕದಲ್ಲಿ ಸರ್ವೋಚ್ಚ ನ್ಯಾಯಾಲಯದ 1975ರ ವೈನ್‌ಗಾರ್ಟನ್ ತೀರ್ಪಿನಿಂದ ಯೂನಿಯನ್ ಇರುವೆಡೆ ಈ ಹಕ್ಕು ದೊರೆತಿದ್ದರೂ ಅದು ಕೇಳಿದವರಿಗೆ ಮಾತ್ರ. ನಮ್ಮ ಹುಡುಗನೂ ಕೇಳಿದ್ದರಿಂದಲೇ ನಾನು ಆ ಕೋಣೆಯಲ್ಲಿ ಕುಳಿತೆ, ನಾನು ಕುಳಿತಿದ್ದರಿಂದ ಪ್ರಶ್ನೆಗಳ ಧಾಟಿ ಬದಲಾಯಿತು, ಮೆಮೊ ಎಚ್ಚರಿಕೆಗೆ ಮುಗಿಯಿತು.

ಉತ್ಪಾದನಾ ಪ್ರಮಾಣದ ಏರಿಕೆಯಲ್ಲಿ ಅರ್ಧವನ್ನು ಆಡಳಿತ ವರ್ಗ ಹಿಂತೆಗೆದುಕೊಂಡಿತು. ಉಳಿದರ್ಧದ ಚರ್ಚೆ ಇನ್ನೂ ನಡೆಯುತ್ತಿದೆ. ಚಂದಾ ಈಗಲೂ ಸಂಬಳದಲ್ಲಿಯೇ ಕಡಿತವಾಗುತ್ತದೆ, ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಸಂಬಳವಾದ ಮೂರು ದಿನದೊಳಗೆ ನಾನು ಮತ್ತು ಆ ಅಕ್ಕ ನೋಟ್‌ಬುಕ್ ಹಿಡಿದು ವಿಭಾಗವನ್ನೊಮ್ಮೆ ಸುತ್ತುತ್ತೇವೆ. ಮೊದಲ ತಿಂಗಳು ಒಬ್ಬರು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದರು. ಹಣ ಬೇಡವೆಂದಾಗ, ಮತ್ತೆ ಯಾಕೆ ಬಂದಿರಿ ಎಂದು ಅನುಮಾನದಿಂದಲೇ ನೋಡಿದರು.