ತೇರಿನ ಬಾವುಟಕ್ಕೆ ಎರಡು ಬಾಲ

ಶಿವರಾತ್ರಿಯ ಮರುದಿನ ನಂದಿಯಲ್ಲಿ ತೇರು. ತುಮಕೂರಿನಿಂದ ದೊಡ್ಡಬಳ್ಳಾಪುರ, ಅಲ್ಲಿಂದ ಇನ್ನೊಂದು ಬಸ್ಸು. ನಾನು ಹೊರಟಿದ್ದು ಭೋಗನಂದೀಶ್ವರ ದೇವಸ್ಥಾನದ ಕಪ್ಪು ಕಲ್ಲಿನ ಕಲ್ಯಾಣ ಮಂಟಪ ನೋಡೋಕೆ. ಅದನ್ನೂ ನೋಡಿದೆ, ಕಂಬದ ಮೇಲಿನ ಬಳ್ಳಿ ಕೆತ್ತನೆ ನಿಜಕ್ಕೂ ಸೊಗಸು. ಆದರೆ ಊರಿಗೆ ಬಂದು ವಾರವಾದರೂ ತಲೆಯಲ್ಲಿ ಉಳಿದಿರುವುದು ತೇರಿಗೆ ಕಟ್ಟಿದ್ದ ಚಿಕ್ಕ ಚಿಕ್ಕ ಬಟ್ಟೆ ಬಾವುಟಗಳು, ಮತ್ತು ಅವನ್ನು ಹೊಲಿದ ತಾತ.

ಅದಕ್ಕೆ ಮುಂಚೆ ಒಂದು ಮಾತು. ಆಟೊ ಹತ್ತುವಾಗ ಬರೀ "ನಂದಿ" ಅನ್ನಬೇಡಿ. ನಾನು ಹಾಗೇ ಅಂದೆ. ಆಟೊದವನು ಬೆಟ್ಟದ ದಾರಿ ಹಿಡಿದು, ಮೇಲೆ ಹೋಗುವ ಗಾಡಿಗಳ ಸಾಲಿನಲ್ಲಿ ನಿಲ್ಲಿಸಿದ. ಕೆಳಗಿನ ದೇವಸ್ಥಾನ ಅಂದರೆ, "ಮೊದಲೇ ಹೇಳ್ಬೇಕಲ್ವಾ ಮೇಡಂ" ಅಂತ ವಾಪಸ್ ಬರೋಕೆ ಮತ್ತೆ ಅಷ್ಟೇ ದುಡ್ಡು ಕೇಳಿದ. ಮುಕ್ಕಾಲು ಗಂಟೆ ಹೋಯಿತು, ದುಡ್ಡೂ ಹೋಯಿತು. ಬೆಟ್ಟದ ಮೇಲಿರುವುದು ಯೋಗನಂದೀಶ್ವರ. ತೇರು ನಡೆಯುವುದು ಬೆಟ್ಟದ ಬುಡದಲ್ಲಿ, ನಂದಿ ಗ್ರಾಮದಲ್ಲಿ. ಆಟೊದಲ್ಲಿ ಕೂರುವ ಮುಂಚೆಯೇ "ನಂದಿ ಗ್ರಾಮ, ಭೋಗನಂದೀಶ್ವರ ದೇವಸ್ಥಾನ" ಅಂತ ಪೂರ್ತಿ ಹೇಳಿ, ಬಾಡಿಗೆ ಮಾತಾಡಿಕೊಳ್ಳಿ.

ನಾನು ತಲುಪಿದಾಗ ದೊಡ್ಡ ತೇರಿಗೆ ಇನ್ನೂ ಅಲಂಕಾರ ನಡೆದಿತ್ತು. ಮೇಲೆ ಇಬ್ಬರು ಹುಡುಗರು ಬಿದಿರಿನ ಚೌಕಟ್ಟು ಹಿಡಿದು ನಿಂತಿದ್ದರು. ಕೆಳಗಿನಿಂದ ಒಬ್ಬರು ಬಾವುಟದ ಸರ ಎಸೆಯುತ್ತಿದ್ದರು. ಕೆಂಪು, ಬಿಳಿ, ಹಳದಿ, ಹಸಿರು. ಒಂದೊಂದೂ ಮೊಳದುದ್ದ ಇರಬಹುದು. ಪಕ್ಕದ ಬೀದಿಯಲ್ಲಿ ಅಂಗಡಿಯವರು ಕಟ್ಟಿದ್ದು ಪ್ಲಾಸ್ಟಿಕ್ ತೋರಣ. ಅದು ಗಾಳಿಗೆ ಚರಚರ ಅನ್ನುತ್ತದೆ, ಕಿವಿಗೆ ಹಿಂಸೆ. ಬಟ್ಟೆ ಬಾವುಟದ ಸದ್ದೇ ಬೇರೆ. ಮೊದಲು ಪಟ್ ಅಂತ ಒಂದು ಹೊಡೆತ, ಆಮೇಲೆ ಪಾರಿವಾಳಗಳ ಗುಂಪು ಎದ್ದ ಹಾಗೆ ಪಟಪಟಪಟ. ನನಗೆ ಪ್ಲಾಸ್ಟಿಕ್ ತೋರಣ ಸುತಾರಾಂ ಇಷ್ಟವಿಲ್ಲ. ತೇರಿಗಾದರೂ ಅದು ಬರದೆ ಇರಲಿ.

ನಾನು ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುವವಳು. ಬಟ್ಟೆ ಕಂಡರೆ ಮೊದಲು ಅಂಚು ನೋಡುತ್ತೇನೆ. ರಾಶಿಯಿಂದ ಒಂದು ಬಾವುಟ ಎತ್ತಿ ನೋಡಿದೆ. ಹಗ್ಗದ ಕಡೆ, ಲಂಗಕ್ಕೆ ಲಾಡಿ ತೂರಿಸೋ ಹಾಗೆ, ಒಂದು ಮಡಿಕೆ. ಹಗ್ಗ ಉಜ್ಜಿಕೊಂಡು ಹೋಗುವ ಎರಡೂ ಬಾಯಿಗೆ ಬೇರೆ ಬಣ್ಣದ ಚೂರು ಒಳಗಿಟ್ಟು ಗಟ್ಟಿ ಮಾಡಿದ್ದಾರೆ. ಇನ್ನೊಂದು ತುದಿಯಲ್ಲಿ ನಡುವೆ ಒಂದು ತ್ರಿಕೋನ ಕತ್ತರಿಸಿ ತೆಗೆದು ಎರಡು ಬಾಲ ಬಿಟ್ಟಿದ್ದಾರೆ. ಬಾಲಗಳು ಕೂಡುವ ಸಂದಿ ಇದೆಯಲ್ಲ, ಹೊಲಿಗೆಯಲ್ಲಿ ಕಷ್ಟದ ಜಾಗ ಅದು. ಅಲ್ಲಿ ಮೂರು ಸಲ ಹಿಂದೆ ಮುಂದೆ ಯಂತ್ರ ಓಡಿಸಿದ್ದರು. ಇದನ್ನು ಮಾಡಿದವರು ಯಾರು ಅಂತ ಕೇಳಿದೆ. ಹಗ್ಗ ಎಸೆಯುತ್ತಿದ್ದವರು ಕಣ್ಣಲ್ಲೇ ತೋರಿಸಿದರು. ತೇರಿನ ನೆರಳಲ್ಲಿ ಒಬ್ಬ ತಾತ ಕೂತು, ಕೈಸೂಜಿಯಲ್ಲಿ ಹರಿದ ಬಾವುಟಕ್ಕೆ ತೇಪೆ ಹಾಕುತ್ತಿದ್ದರು.

"ತಾತ, ಬಾಲ ಯಾಕೆ ಬಿಟ್ಟಿದೀರ? ಚೌಕಕ್ಕೆ ಬಿಟ್ಟಿದ್ರೆ ಕೆಲಸ ಸುಲಭ ಆಗ್ತಿತ್ತಲ್ವಾ?"

ಅವರು ತಲೆ ಎತ್ತಲಿಲ್ಲ. "ಚೌಕಕ್ಕೆ ಬಿಟ್ರೆ ಮೂಲೆ ಎರಡೂ ಹೊಡ್ಕೊಂಡು ಹೊಡ್ಕೊಂಡು ದಾರ ಬಿಡ್ತದಮ್ಮಾ. ಬಾಲ ಇದ್ರೆ ಗಾಳಿ ಬಂದು ಹಂಗೇ ಹೊರಟೋಗ್ತದೆ. ಗಾಳಿಗೆ ದಾರಿ ಬಿಡ್ಬೇಕು."

ನನಗೆ ತಕ್ಷಣ ನೆನಪಾಗಿದ್ದು ಬಾಯೊ ಕಸೂತಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಕಥೆಯನ್ನು ಸುಮಾರು 70 ಮೀಟರ್ ಉದ್ದದ ನಾರುಬಟ್ಟೆಯ ಮೇಲೆ ಉಣ್ಣೆ ದಾರದಲ್ಲಿ ಹೊಲಿದಿದ್ದಾರೆ. ಪಾಠಕ್ಕೆ ಅಂತ ಅದರ ಚಿತ್ರಗಳನ್ನು ಎಷ್ಟೋ ಸಲ ತೋರಿಸಿದ್ದೇನೆ. ಅದರಲ್ಲಿ ಕುದುರೆ ಸವಾರರ ಭರ್ಜಿಯ ತುದಿಗೆ ಇಂಥದೇ ಪುಟ್ಟ ಬಾಲದ ಬಾವುಟಗಳಿವೆ. ಯುರೋಪಿನಲ್ಲಿ ಇದಕ್ಕೆ ಪೆನನ್ ಅಂತ ಹೆಸರು. ಆಮೇಲಿನ ಕಾಲದಲ್ಲಿ ಒಬ್ಬೊಬ್ಬ ಸವಾರ ತನ್ನ ತನ್ನ ಗುರುತನ್ನು ಅದರ ಮೇಲೆ ಹಾಕಿಸಿಕೊಂಡ. ಮುಖ ಮುಚ್ಚುವ ಶಿರಸ್ತ್ರಾಣ ಹಾಕಿದ ಮೇಲೆ ಯಾರು ಯಾರೆಂದು ಗೊತ್ತಾಗಬೇಕಲ್ಲ. ಇನ್ನೂ ಒಂದು ಪದ್ಧತಿ ಇತ್ತು. ಸವಾರ ಯುದ್ಧದಲ್ಲಿ ಪರಾಕ್ರಮ ತೋರಿಸಿದರೆ, ರಾಜನೋ ಸೇನಾಪತಿಯೋ ಅಲ್ಲೇ ಆ ಬಾವುಟದ ಬಾಲ ಕತ್ತರಿಸಿ ಚೌಕ ಮಾಡುತ್ತಿದ್ದ. ಅವತ್ತಿನಿಂದ ಅವನು ಬ್ಯಾನರೆಟ್. ಸ್ವಂತ ಬಾವುಟದ ಕೆಳಗೆ ದಂಡು ನಡೆಸಬಹುದು.

ಇದನ್ನೆಲ್ಲ ತಾತನಿಗೆ ಹೇಳಿದೆ. ಸೂಜಿ ನಿಂತಿತು.

"ಬಾಲ ಕತ್ತರಿಸೋದು ಮರ್ಯಾದೆನಾ?" ಅಂದರು. ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ನಮ್ಮಲ್ಲಿ ಬಾಲ ಬಿಟ್ರೇನೇ ಬಾವುಟ. ಇರ್ಲಿ, ಅವರ ಪದ್ಧತಿ ಅವರಿಗೆ. ಕತ್ತರಿಸಿದ ಚೂರನ್ನ ಮಾತ್ರ ಬಿಸಾಕ್ಬಾರ್ದು ನೋಡಮ್ಮಾ."

ಪಕ್ಕದಲ್ಲಿದ್ದ ಚೀಲ ತೆಗೆದು ತೋರಿಸಿದರು. ತುಂಬ ತ್ರಿಕೋನದ ಚೂರುಗಳು. ಬಾಲ ಬಿಡುವಾಗ ಕತ್ತರಿಸಿದ್ದೇ ಅವೆಲ್ಲ. ಹಗ್ಗ ತೂರುವ ಬಾಯಿಗೆ ನಾನು ನೋಡಿದ ಗಟ್ಟಿ ಬಟ್ಟೆ ಅದೇ. ಹೋದ ವರ್ಷದ ಹಸಿರು ಚೂರು ಈ ವರ್ಷದ ಕೆಂಪು ಬಾವುಟದೊಳಗೆ ಕೂತಿದೆ. ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಚೂರು ಎತ್ತಿಡಿ ಅಂತ ಹೇಳಿಕೊಂಡು ಬಂದಿದ್ದೇನೆ. ಇಷ್ಟು ಚೆನ್ನಾಗಿ ಬಳಸಿದ್ದನ್ನು ನೋಡಿದ್ದು ಇದೇ ಮೊದಲು.

ಅಷ್ಟರಲ್ಲಿ ಒಬ್ಬ ಯುವಕ ಬಂದ. ಹರಕೆ ಬಾವುಟ ಕೊಡಬೇಕಂತೆ, ಅದರ ಮೇಲೆ ಅಪ್ಪನ ಹೆಸರು ದೊಡ್ಡದಾಗಿ ಬರೆಸಬೇಕಂತೆ. ತಾತ ಒಪ್ಪಲಿಲ್ಲ. "ಹೆಸರು ಅರ್ಚನೆಗೆ ಹೇಳಪ್ಪಾ. ಬಟ್ಟೆ ಸುಮ್ನೆ ಬಟ್ಟೆಯಾಗಿರ್ಲಿ." ಯುವಕ ಬೇಜಾರಾಗಿ ನಿಂತ. ನನಗೆ ಅವನ ಕಡೆಯೂ ನ್ಯಾಯ ಇದೆ ಅನಿಸಿತು. ಬಟ್ಟೆ ಪಟ್ಟಿಯ ಮೇಲೆ ಮಾತು ಬರೆಯುವುದು ಹಳೇ ಆಸೆ. ಯುರೋಪಿನ ಹಳೆಯ ಚಿತ್ರಗಳಲ್ಲಿ ದೇವದೂತ ಮಾತಾಡಿದರೆ ಅವನ ಕೈಯಿಂದ ಒಂದು ಉದ್ದದ ಪಟ್ಟಿ ಸುರುಳಿ ಸುರುಳಿಯಾಗಿ ಹೊರಡುತ್ತದೆ, ಮಾತೆಲ್ಲ ಅದರ ಮೇಲೆ. ಬ್ಯಾಂಡರೋಲ್ ಅನ್ನುತ್ತಾರೆ. ಭರ್ಜಿಯ ತುದಿಯ ಕಿರು ಪತಾಕೆಗೂ ಅದೇ ಹೆಸರು. ನಮ್ಮಲ್ಲೂ ಬಾವುಟಕ್ಕೆ ಬೆಲೆ ಕಟ್ಟುವವರಿದ್ದಾರೆ. ನಾಯಕನಹಟ್ಟಿ ತೇರಿನಲ್ಲಿ ಮುಕ್ತಿ ಬಾವುಟ ಹರಾಜಾಗುತ್ತದೆ, ಲಕ್ಷಗಟ್ಟಲೆಗೆ ಹೋಗುತ್ತದೆ. ಕೊನೆಗೆ ತಾತ ಮಡಿಕೆಯ ಒಳಗೆ, ಹಗ್ಗದ ಪಕ್ಕ, ಯಾರಿಗೂ ಕಾಣದ ಹಾಗೆ ಪೆನ್ನಿನಲ್ಲಿ ಬರೆಯೋಕೆ ಬಿಟ್ಟರು. ಅವನು ಬರೆದ. ಅಕ್ಷರ ಗುಂಡಗೆ ಚೆನ್ನಾಗಿದ್ದವು.

ತೇರು ಹೊರಡೋಕೆ ಇನ್ನೂ ಸಮಯವಿತ್ತು. ದೇವಸ್ಥಾನದ ಗೋಡೆಗೆ ಒರಗಿ ಬೆಟ್ಟ ನೋಡುತ್ತಾ ಕೂತೆ. ಗಂಗರ ಕಾಲದಲ್ಲಿ ಇದು ನಂದಗಿರಿ. ಶಿವಮೊಗ್ಗದ ಕಡೆಯ ಕಲ್ಲೂರಗುಡ್ಡದಲ್ಲಿ 1121ರ ಶಾಸನವೊಂದಿದೆ. ಸಿಂಹನಂದಿ ಅನ್ನೋ ಜೈನ ಮುನಿ ಇಬ್ಬರು ಹುಡುಗರಿಗೆ ಗಂಗ ರಾಜ್ಯ ಕಟ್ಟಿಸಿಕೊಟ್ಟ ಕಥೆ ಅದರಲ್ಲಿದೆ. ನಂದಗಿರಿಯೇ ಕೋಟೆ, ಕುವಳಾಲ ಅಂದರೆ ನಮ್ಮ ಕೋಲಾರವೇ ಪಟ್ಟಣ. ಬಾವುಟ ಯಾವುದು ಗೊತ್ತಾ? ಮುನಿಯ ಕೈಲಿದ್ದ ನವಿಲುಗರಿಯ ಕುಂಚ. ಹುಳ ಹುಪ್ಪಟೆ ಸಾಯಬಾರದು ಅಂತ ನೆಲ ಗುಡಿಸುವ ಕುಂಚ ದಂಡಿನ ಮುಂದೆ ಬಾವುಟವಾಯಿತು. ಈ ಕಥೆ ನನಗೆ ತುಂಬಾ ಇಷ್ಟ.

ಸಾಲು ಬಾವುಟಕ್ಕೂ ನಮ್ಮಲ್ಲಿ ದೊಡ್ಡ ಹೆಸರಿದೆ, ಪಾಳಿಧ್ವಜ. ಉತ್ತರದ ದೊರೆಯನ್ನು ಸೋಲಿಸಿ ಅದನ್ನು ಪಡೆದೆವು ಅಂತ ಬಾದಾಮಿ ಚಾಲುಕ್ಯರು ಶಾಸನಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಜಿನಸೇನರು ಸಂಸ್ಕೃತದಲ್ಲಿ ಬರೆದ ಜೈನ ಕಾವ್ಯ ಆದಿಪುರಾಣದಲ್ಲಿ, ತೀರ್ಥಂಕರನ ಸಭೆಯ ಸುತ್ತ ನಿಲ್ಲಿಸಿದ ಇಂಥ ಸಾಲುಗಳ ಲೆಕ್ಕವೇ ಇದೆ. ಹೂಮಾಲೆ, ಬಟ್ಟೆ, ನವಿಲು, ಕಮಲ, ಹಂಸ, ಗರುಡ, ಸಿಂಹ, ಎತ್ತು, ಆನೆ, ಚಕ್ರ. ಹತ್ತು ಗುರುತು, ಒಂದು ದಿಕ್ಕಿನಲ್ಲಿ ಒಂದೊಂದಕ್ಕೆ 108, ನಾಲ್ಕು ದಿಕ್ಕಿಗೂ ಸೇರಿ 4320. ಅಷ್ಟು ಅಂಚು ಮಡಿಸುವುದನ್ನು ಯೋಚಿಸಿದೆ.

ಮಧ್ಯಾಹ್ನ ತೇರು ಹೊರಟಿತು. ಕಲ್ಲುಹಾಸು ಕಾದು ಕಾಲು ಸುಡುತ್ತಿತ್ತು. ಜನ ಬಾಳೆಹಣ್ಣು, ದವನ ಎಸೆಯುತ್ತಿದ್ದರು. ಹಗ್ಗ ಎಳೆದರೂ ಒಂದು ಕ್ಷಣ ಏನೂ ಅಲ್ಲಾಡಲಿಲ್ಲ. ಆಮೇಲೆ ತುತ್ತತುದಿಯ ಬಾವುಟಗಳ ಬಾಲ ಹಿಂದಕ್ಕೆ ಬಾಗಿದವು. ಗಾಲಿ ಉರುಳಿದ್ದು ನನ್ನ ಕಣ್ಣಿಗೆ ಬಿದ್ದಿದ್ದು ಅದಾದ ಮೇಲೆ. ಆ ಯುವಕ ಕೈಮುಗಿದು ಮೇಲೆ ನೋಡುತ್ತಿದ್ದ. ಅಷ್ಟು ಬಾವುಟದಲ್ಲಿ ಅವನದು ಯಾವುದು ಅಂತ ಹುಡುಕಿದೆ, ಸಿಗಲಿಲ್ಲ. ಅವನಿಗೆ ಸಿಕ್ಕಿತ್ತು, ಮುಖದಲ್ಲೇ ಕಾಣುತ್ತಿತ್ತು.

ಹೊರಡುವಾಗ ತಾತನಿಗೆ ಹೇಳಿ ಬಂದೆ.

"ಮುಂದಿನ ವರ್ಷ ಎಂಟು ದಿನ ಮುಂಚೆ ಬಾರಮ್ಮಾ," ಅಂದರು. "ಸಂದಿ ಹೊಲಿಯೋಕೆ ನಂಗೆ ಕಣ್ಣು ಕಾಣಲ್ಲ."

ಬರ್ತೀನಿ ಅಂದೆ. ದಪ್ಪ ಬಟ್ಟೆಗೆ ಹದಿನಾರನೇ ನಂಬರ್ ಸೂಜಿ ಬೇಕಾಗುತ್ತದೆ. ಒಂದು ಪ್ಯಾಕೆಟ್ ತಂದಿಟ್ಟಿದ್ದೇನೆ.